ದೂರದೂರಿನ ವಿಮಾನ: ಪ್ರಯಾಣದ ಗಂಟೆ ನೀವೇ ಲೆಕ್ಕ ಹಾಕಿ

ಟೋಕಿಯೊದಲ್ಲಿ ಸಂಜೆ 5ಕ್ಕೆ ಹೊರಟ ವಿಮಾನ ಲಾಸ್ ಏಂಜಲೀಸ್‌ಗೆ ಅದೇ ದಿನ ಬೆಳಿಗ್ಗೆ 10ಕ್ಕೆ ಇಳಿಯಬಹುದು. ಟಿಕೆಟ್‌ನಲ್ಲಿ ಹಾಗಿದ್ದರೆ ಅದು ಅಚ್ಚಿನ ತಪ್ಪಲ್ಲ. ನಮ್ಮನೆಯಲ್ಲಿ ಯಾರು ಟಿಕೆಟ್ ಮಾಡಿಸಿದರೂ ‘ಒಟ್ಟು ಎಷ್ಟು ಗಂಟೆ ಕೂರಬೇಕು ನೋಡು’ ಅಂತ ನನಗೇ ಕಳಿಸುತ್ತಾರೆ. ನಾನು ನೋಡುವ ರೀತಿ ಹೀಗೆ.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿ ಬರೆದ ಚಿತ್ರ ಅದು, ಅಲ್ಲಿ ನೆಟ್ಟಗೆ ಕಾಣುವ ಗೆರೆ ಸಾಮಾನ್ಯವಾಗಿ ಹತ್ತಿರದ ದಾರಿ ಅಲ್ಲ. ಗ್ಲೋಬ್ ಇದ್ದರೆ ಒಂದು ದಾರ ತಗೊಂಡು ಎರಡೂ ಊರಿನ ಮೇಲೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗೇ ಉತ್ತರಕ್ಕೆ, ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ಕಡೆಗೆ ಸರಿಯುತ್ತದೆ. ಅದೇ ಹತ್ತಿರದ ದಾರಿ. 30 ಸೆಂ.ಮೀ. ವ್ಯಾಸದ ಗ್ಲೋಬ್‌ನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ಇಲ್ಲಿ ದಾರ 20.7 ಸೆಂ.ಮೀ. ಆಸುಪಾಸು ಬರುತ್ತದೆ, ಅಂದರೆ 8,800 ಕಿ.ಮೀ. ಗ್ಲೋಬ್ ಇಲ್ಲವಾ? ಗೂಗಲ್ ಅರ್ಥ್‌ನಲ್ಲಿ ಅಳೆಯಿರಿ. ಉತ್ತರ ನಾಟಿಕಲ್ ಮೈಲಿಯಲ್ಲಿ ಸಿಕ್ಕರೆ ಕಿ.ಮೀ. ಮಾಡಲು 1.852ರಿಂದ ಗುಣಿಸಿ.

ಇನ್ನು ಹೊತ್ತು. ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಭಾಗಿಸಿದರೆ 9 ಗಂಟೆ 47 ನಿಮಿಷ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಇದಕ್ಕೆಲ್ಲ 40 ನಿಮಿಷ ಸೇರಿಸಿ. ಹತ್ತೂವರೆ ಆಯ್ತು.

ಜನ ಮರೆಯುವುದು ಗಾಳಿಯನ್ನು. ಅಷ್ಟು ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ ಟೋಕಿಯೊದಿಂದ ಹೋಗುವಾಗ ಅರ್ಧ ಗಂಟೆ ಕಳೆಯಿರಿ, ವಾಪಸ್ ಬರುವಾಗ ಒಂದು ಗಂಟೆಗಿಂತ ಜಾಸ್ತಿಯೇ ಕೂಡಿಸಿ. ಗಾಳಿಯ ಜೋರು ಎಷ್ಟಿರಬಹುದು ಅಂತೀರಾ? 2020ರ ಫೆಬ್ರುವರಿಯಲ್ಲಿ ಕಿಯಾರಾ ಬಿರುಗಾಳಿ ಬೆನ್ನಿಗಿದ್ದಾಗ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಮಾಮೂಲಿಯಾಗಿ ಆರು ಗಂಟೆ ದಾಟುತ್ತದೆ.

ಈಗ ಟಿಕೆಟ್ ಜೊತೆ ತಾಳೆ ನೋಡಿ. ಅದರಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಸುಮ್ನೆ ಒಂದರಿಂದ ಒಂದು ಕಳೆದರೆ ಏನೂ ಸಿಗಲ್ಲ, ಎರಡನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತು ಲೆಕ್ಕಕ್ಕೆ ಹಿಡಿಯುವ ಒಂದೇ ಸಮಯಕ್ಕೆ, ತನ್ನಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ, ಸಂಜೆ 5 ಅಂದರೆ ಯುಟಿಸಿಯಲ್ಲಿ ಬೆಳಿಗ್ಗೆ 8. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ, ಬೆಳಿಗ್ಗೆ 10 ಅಂದರೆ ಸಂಜೆ 6. ನಡುವೆ 10 ಗಂಟೆ. ನಮ್ಮ ಲೆಕ್ಕಕ್ಕೆ ಸರಿಹೋಯ್ತು ಅಲ್ವಾ? ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಜಪಾನಿನವರು ಮುಟ್ಟುವುದಿಲ್ಲ. ಆಗ 8ರ ಬದಲು 7 ಹಿಡಿಯಿರಿ.

ನಿಮಗೆ ಸಿಕ್ಕ ಅಂಕಿ ಟಿಕೆಟ್‌ಗಿಂತ ಮೂರ್ನಾಲ್ಕು ಗಂಟೆ ಕಡಿಮೆ ಇದ್ದರೆ ನಡುವೆ ಎಲ್ಲಾದರೂ ಇಳಿದು ಹತ್ತುವುದು ಇದೆಯಾ ನೋಡಿ. ಇದ್ದರೆ ಪ್ರತಿ ವಿಮಾನಕ್ಕೂ ಬೇರೆ ಬೇರೆ ಲೆಕ್ಕ ಮಾಡಿ, ಕಾಯುವ ಹೊತ್ತನ್ನು ಕೊನೆಗೆ ಕೂಡಿಸಿ.