ಗ್ರಾಫಿಕ್ಸ್ ಕಾರ್ಡ್: ಮೊದಲು ವ್ಯಾಟ್, ಆಮೇಲೆ ಎಫ್‌ಪಿಎಸ್

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಜೂನ್ ಬಂತೆಂದರೆ ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಹಾಗಾಗಿ ಗೇಮಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವಾಗ ನಾನು ಮೊದಲು ನೋಡಿದ್ದು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಅಲ್ಲ, ಅದು ಎಳೆಯುವ ವ್ಯಾಟ್.

ನನ್ನ ಹತ್ತಿರ ಇರುವುದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 24 ಇಂಚಿನ 1080ಪಿ (1920×1080 ಪಿಕ್ಸೆಲ್) ಮಾನಿಟರ್. ಮಾನಿಟರ್ ಬದಲಿಸುವ ಯೋಚನೆ ಇಲ್ಲ, ಹಾಗಾಗಿ ಇನ್ನೂ ಹೆಚ್ಚು ಪಿಕ್ಸೆಲ್‌ನ 1440ಪಿ ಆಸೆ ಅಲ್ಲಿಗೇ ಮುಗಿಯಿತು. ಇನ್ನು ಯುಪಿಎಸ್. ಮುಂದೆ ದೊಡ್ಡಕ್ಷರದಲ್ಲಿ 600 ವಿಎ (ವೋಲ್ಟ್-ಆಂಪಿಯರ್) ಅಂತಿದೆ. ಹಿಂದಿನ ಸ್ಟಿಕ್ಕರ್‌ನಲ್ಲಿ ಸಣ್ಣದಾಗಿ 360 ವ್ಯಾಟ್ ಅಂತಿದೆ. ಲೆಕ್ಕಕ್ಕೆ ಬರುವುದು ಈ ಸಣ್ಣಕ್ಷರವೇ. ಪ್ರೊಸೆಸರ್, ಮಾನಿಟರ್, ಫ್ಯಾನ್ ಎಲ್ಲಾ ಕಳೆದು, ಬ್ಯಾಟರಿ ಹಳೆಯದಾಗುವುದಕ್ಕೂ ಸ್ವಲ್ಪ ಬಿಟ್ಟರೆ ಕಾರ್ಡಿಗೆ ಉಳಿಯುವುದು ಕಡಿಮೆಯೇ.

ಪಟ್ಟಿಯಲ್ಲಿ ಉಳಿದವು ಇವು: ಎನ್‌ವಿಡಿಯಾದ 170 ವ್ಯಾಟ್‌ನ ಆರ್‌ಟಿಎಕ್ಸ್ 3060, 115 ವ್ಯಾಟ್‌ನ 4060, ಎಎಂಡಿಯ 165 ವ್ಯಾಟ್‌ನ ಆರ್‌ಎಕ್ಸ್ 7600, 132 ವ್ಯಾಟ್‌ನ 6600. ಇಂಟೆಲ್‌ನ ಆರ್ಕ್ ಬಿ580 ಕೂಡ ನೋಡಿದೆ. 12 ಜಿಬಿ ಮೆಮೊರಿ ಇದೆ, ಆದರೆ 190 ವ್ಯಾಟ್. ಮೇಲಾಗಿ ನನ್ನಂಥ ಹಳೆಯ ಪ್ರೊಸೆಸರ್ ಜೊತೆ ಅದು ಪೂರ್ತಿ ವೇಗ ಕೊಡುವುದಿಲ್ಲ. ಬಿಟ್ಟೆ.

ನಿಜವಾಗಿ ತಲೆ ಕೆಡಿಸಿದ್ದು 3060 ಮತ್ತು 4060. ಶಿವಮೊಗ್ಗದ ಅಂಗಡಿಯವರು, "12 ಜಿಬಿ ಇದೆ ಸರ್, 3060 ತಗೊಳ್ಳಿ, ಮುಂದಕ್ಕೂ ಆಗುತ್ತೆ" ಅಂದರು. ಮಾತು ಸುಳ್ಳಲ್ಲ. 4060ಗೆ ಇರುವುದು 8 ಜಿಬಿ. ಜೊತೆಗೆ ಅದು ಬಳಸುವುದು ಪಿಸಿಐಇಯ (ಕಾರ್ಡು ಮತ್ತು ಮದರ್‌ಬೋರ್ಡ್ ನಡುವೆ ಡೇಟಾ ಓಡಾಡುವ ದಾರಿ) ಎಂಟೇ ಲೇನ್. 3060 ಹದಿನಾರು ಬಳಸುತ್ತದೆ. ನನ್ನ ಬಿ450 ಬೋರ್ಡು ಪಿಸಿಐಇ 3.0, ಅಂದರೆ ಒಂದೊಂದು ಲೇನಿನ ವೇಗವೂ 4.0ಕ್ಕಿಂತ ಅರ್ಧ. ಕಾರ್ಡಿನ ಮೆಮೊರಿ ತುಂಬದಿದ್ದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತುಂಬಿತೋ, ಟೆಕ್ಸ್‌ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಪಿಸಿಯ ರ್‍ಯಾಮ್‌ನಿಂದ ಬರಬೇಕು. ಆಗ ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದ ಹಾಗೆ ಆಟ ನಿಂತು ನಿಂತು ಸಾಗುತ್ತದೆ.

ಆದರೂ 4060 ತಗೊಂಡೆ. 1080ಪಿಯಲ್ಲಿ ಅದು 3060ಕ್ಕಿಂತ ವೇಗ, ಕರೆಂಟು 55 ವ್ಯಾಟ್ ಕಡಿಮೆ. ಟೆಕ್ಸ್‌ಚರ್ ಅಲ್ಟ್ರಾ ಬದಲು ಹೈ ಇಟ್ಟರೆ ನಾನು ಆಡುವ ಆಟಗಳಿಗೆ 8 ಜಿಬಿ ಸಾಕು. ನಿಮ್ಮದು ಮಾಡ್ (ಆಟವನ್ನು ಬದಲಿಸುವ ಹೆಚ್ಚುವರಿ ಫೈಲುಗಳು) ಹಾಕಿ ಆಡುವ ಚಟವಾದರೆ ಅಂಗಡಿಯವರ ಮಾತೇ ಸರಿ.

ಸೆಕೆಂಡ್ ಹ್ಯಾಂಡ್ ಕಾರ್ಡುಗಳೂ ಕಣ್ಣಿಗೆ ಬಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ನಿಂತ ಮೇಲೆ ಹಗಲೂರಾತ್ರಿ ದುಡಿದ 3060ಗಳು ರಾಶಿ ರಾಶಿ ಮಾರಾಟಕ್ಕೆ ಬಂದವಲ್ಲ, ವಾರಂಟಿ ಇಲ್ಲದೆ ಅಂಥದ್ದು ನನಗೆ ಬೇಡವಾಗಿತ್ತು.

ಅಂಗಡಿಗೆ ಟೇಪು ಹಿಡಿದೇ ಹೋಗಿದ್ದೆ. ನನ್ನ ಕ್ಯಾಬಿನೆಟ್‌ನಲ್ಲಿ 28 ಸೆಂಟಿಮೀಟರ್ ಮಾತ್ರ ಜಾಗ. ಮೂರು ಫ್ಯಾನಿನ ಕಾರ್ಡು ಹಿಡಿಸುತ್ತಿರಲಿಲ್ಲ, ಎರಡು ಫ್ಯಾನಿನದ್ದು ಆರಾಮಾಗಿ ಕೂತಿತು.

ಮನೆಗೆ ತಂದು ಮೊದಲು ಮಾಡಿದ್ದು ಕರೆಂಟ್ ಪರೀಕ್ಷೆ. ಕೆಲವು ಅಗ್ಗದ ಯುಪಿಎಸ್‌ಗಳು ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಪವರ್ ಸಪ್ಲೈ ಜೊತೆ ಹೊಂದದೆ ಪಿಸಿ ಆಫ್ ಆಗಿಬಿಡುತ್ತದೆ. ಖಾಲಿ ಡೆಸ್ಕ್‌ಟಾಪ್ ಇಟ್ಟುಕೊಂಡು ಗೋಡೆಯ ಸ್ವಿಚ್ ತೆಗೆದೆ. ಯುಪಿಎಸ್ ಕೀಂಯ್ ಅಂತು, ಪಿಸಿ ನಡೆಯುತ್ತಲೇ ಇತ್ತು. ಆಮೇಲೆ ಆಟ ಹಾಕಿ ಮತ್ತೆ ತೆಗೆದೆ. ಆಗಲೂ ನಿಲ್ಲಲಿಲ್ಲ. "ಸುಮ್ನೆ ಯಾಕೋ ಸ್ವಿಚ್ ಆಡಿಸ್ತೀಯ?" ಅಂತ ಅಮ್ಮ ಒಳಗಿಂದ ಕೂಗಿದರು.

ಮಳೆಗಾಲದಲ್ಲಿ ಫ್ರೇಮ್ ರೇಟ್ 60ಕ್ಕೆ ಕಟ್ಟಿಹಾಕುತ್ತೇನೆ. ಆಗ ಹೆಚ್ಚಿನ ಆಟಗಳಲ್ಲಿ ಕಾರ್ಡು ಎಂಬತ್ತು ವ್ಯಾಟ್ ಆಸುಪಾಸಿನಲ್ಲೇ ಇರುತ್ತದೆ. ಯುಪಿಎಸ್ ಬ್ಯಾಟರಿ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಕರೆಂಟು ಹೋದಾಗ ಸೇವ್ ಮಾಡಿ ಹೊರಬರಲು ಅಷ್ಟು ಸಮಯ ಸಾಕು. ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಬೇಕು, ಸಿಡಿಲು ಅಲ್ಲಿಂದಲೂ ಬರುತ್ತದೆ. ಆಡದ ದಿನವೂ ಪಿಸಿಯನ್ನು ಸ್ವಲ್ಪ ಹೊತ್ತು ಆನ್ ಮಾಡುತ್ತೇನೆ, ಒಳಗೆ ಥಂಡಿ ಹಿಡಿಯದಿರಲಿ ಅಂತ. ಹಿಂದಿನ ಖಾಲಿ ಸ್ಲಾಟಿನ ತಗಡು ಬಿದ್ದುಹೋಗಿದ್ದರೆ ಮುಚ್ಚಿ. ಬೆಚ್ಚಗಿರುವ ಜಾಗ ಹಲ್ಲಿಗೂ ಇಷ್ಟ.

ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಂಡೆ. ಕೆಟ್ಟರೆ ಸರ್ವಿಸ್‌ಗೆ ಅಂಗಡಿಯವರೇ ಕಳಿಸುತ್ತಾರಾ, ನಾವೇ ಕೊರಿಯರ್ ಮಾಡಬೇಕಾ ಅನ್ನುವುದನ್ನೂ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.