ಸುಟ್ಟ ಗಾಯದ ರೋಗಿಯ ಹೊಟ್ಟೆ ಕೆಡುವ ಮುನ್ನವೇ ಗುರುತಿಸುವುದು ಹೇಗೆ?

ಬರ್ನ್ಸ್ ವಾರ್ಡಿಗೆ ಹೊಸದಾಗಿ ಡ್ಯೂಟಿಗೆ ಬಂದವರ ಕಣ್ಣೆಲ್ಲ ಗಾಯದ ಮೇಲೇ ಇರುತ್ತದೆ. ಹೊದಿಕೆ ಸರಿಸಿ ಹೊಟ್ಟೆಯನ್ನೂ ನೋಡಿ. ಮೈ ಜಾಸ್ತಿ ಸುಟ್ಟಾಗ ದೇಹ ಇರುವ ರಕ್ತವನ್ನು ಹೃದಯ, ಮೆದುಳಿಗೆ ಉಳಿಸಿಕೊಳ್ಳುತ್ತದೆ, ಕರುಳಿಗೆ ಸಿಗುವುದು ಕಡಿಮೆ.

ಯಾರ ಮೇಲೆ ಹೆಚ್ಚು ಕಣ್ಣಿಡಬೇಕು? ಮೈ 20%ಗಿಂತ ಜಾಸ್ತಿ ಸುಟ್ಟವರು (ರೋಗಿಯದೇ ಅಂಗೈ, ಬೆರಳೂ ಸೇರಿ, ಸುಮಾರು 1%), ಹೊಗೆ ಕುಡಿದವರು, ಡ್ರಿಪ್ಸ್ ತಡವಾಗಿ ಶುರುವಾದವರು, ವೆಂಟಿಲೇಟರ್ ಮೇಲಿರುವವರು, ಬಿಪಿ ಏರಿಸುವ ಔಷಧಿ ಓಡುತ್ತಿರುವವರು.

ಮೊದಲ ಎರಡು ದಿನ ಡ್ರಿಪ್ಸ್ ಲೆಕ್ಕ ಬಿಡಬೇಡಿ. 60 ಕೆಜಿಯವರಿಗೆ 40% ಸುಟ್ಟಿದ್ದರೆ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (ಪ್ರತಿ ಕೆಜಿಗೆ, ಸುಟ್ಟ ಪ್ರತಿ 1%ಗೆ 4 ಎಂಎಲ್ ಡ್ರಿಪ್ಸ್) 4×60×40, ಅಂದರೆ 24 ಗಂಟೆಗೆ 9,600 ಎಂಎಲ್. ಅರ್ಧ, ಸುಟ್ಟ ಹೊತ್ತಿನಿಂದ 8 ಗಂಟೆಯೊಳಗೆ. ಇದೇ ರೋಗಿಗೆ ಮೊದಲ ದಿನ 15 ಲೀಟರ್ (ಕೆಜಿಗೆ 250 ಎಂಎಲ್) ದಾಟಿದರೆ ಹೊಟ್ಟೆಯೊಳಗೆ ಒತ್ತಡ ಏರುವ ಭಯ ಜಾಸ್ತಿ.

ಒಂದು ರಾತ್ರಿ ಡ್ಯೂಟಿಯಲ್ಲಿ ನಾನೇ ತಪ್ಪಿದ್ದೆ. ಯೂರಿನ್ ಬ್ಯಾಗ್ ಮೂರು ಗಂಟೆಯಿಂದ ಹಾಗೇ ಇತ್ತು, ನೀರು ಸಾಲದೇನೋ ಅಂತ ಡಾಕ್ಟರಿಗೆ ಹೇಳಿ ಡ್ರಿಪ್ಸ್ ಜೋರು ಮಾಡಿಸಿದೆ, ಆಮೇಲೆ ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ, ವೆಂಟಿಲೇಟರ್ ಅಲಾರಂ ಬೇರೆ ಹೊಡೆದುಕೊಳ್ಳುತ್ತಿತ್ತು. ಒತ್ತಡಕ್ಕೆ ಸಿಕ್ಕಿ ಕಿಡ್ನಿ ಸೋಲುತ್ತಿತ್ತು, ನಾವು ಇನ್ನಷ್ಟು ನೀರು ಸುರಿಯುತ್ತಿದ್ದೆವು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ನೀರು ಹೋಗುತ್ತಲೇ ಇದೆ, ಮೂತ್ರ ಇಳಿಯುತ್ತಿದೆ ಅಂದರೆ ಮೊದಲು ಹೊಟ್ಟೆ ಮುಟ್ಟಿ. ಟೇಪ್ ಹಿಡಿದು ಅಳೆದರೆ ಸಾಲದು, ಕ್ಯಾಥೆಟರ್ ಮೂಲಕ ಮೂತ್ರಕೋಶದ ಒತ್ತಡ ನೋಡಬೇಕು, ಅಂಗಾತ ಮಲಗಿಸಿ, ಉಸಿರು ಬಿಟ್ಟ ಕೊನೆಯಲ್ಲಿ. ಅದು 12 ಎಂಎಂಎಚ್‌ಜಿ (ಬಿಪಿ ಅಳೆಯುವ ಅದೇ ಅಳತೆ) ದಾಟಿ ನಿಂತರೆ ಎಚ್ಚರ. 20 ದಾಟಿ, ಜೊತೆಗೆ ಕಿಡ್ನಿಯೋ ಉಸಿರಾಟವೋ ಕೆಟ್ಟರೆ ತುರ್ತು, ಆಗಲೇ ಸರ್ಜನ್‌ಗೆ ಫೋನ್ ಮಾಡಿ.

ಸುಟ್ಟವರ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಆಗುವ ಹುಣ್ಣಿನ ಬಗ್ಗೆ ಲಂಡನ್ನಿನ ಕರ್ಲಿಂಗ್ ಅನ್ನುವ ಸರ್ಜನ್ 1842ರಲ್ಲೇ ಬರೆದಿದ್ದರು. ಈಗ ಅದು ಕಡಿಮೆ. ಮೊದಲ 24 ಗಂಟೆಯೊಳಗೇ ಮೂಗಿನ ಟ್ಯೂಬಿನಲ್ಲಿ ಫೀಡ್ ಶುರು ಮಾಡುತ್ತೇವೆ, ಆಸಿಡ್ ತಗ್ಗಿಸುವ ಔಷಧಿಯೂ ಇದೆ. ಆದರೂ ಟ್ಯೂಬಿನಲ್ಲಿ ಕಾಫಿಪುಡಿ ಕಲಸಿದಂಥದ್ದು ಬಂದರೆ, ಮೋಷನ್ ಟಾರಿನ ಹಾಗೆ ಕಪ್ಪಾದರೆ ಹುಣ್ಣಿನಿಂದ ರಕ್ತ ಸೋರುತ್ತಿರಬಹುದು, ಡಾಕ್ಟರಿಗೆ ಹೇಳಲು ತಡ ಮಾಡಬೇಡಿ.

ಮಾರ್ಫಿನ್‌ನಿಂದ ಮಲ ಕಟ್ಟುತ್ತದೆ, ಅದು ಗೊತ್ತಿರುವುದೇ, ಅಲ್ವಾ? ಆದರೆ ನಿನ್ನೆವರೆಗೂ ಫೀಡ್ ಒಗ್ಗುತ್ತಿದ್ದವರಿಗೆ ಇವತ್ತು ಇದ್ದಕ್ಕಿದ್ದಂತೆ ವಾಂತಿ, ಹೊಟ್ಟೆ ಉಬ್ಬರ ಬಂದರೆ ಅದನ್ನು ಮಾರ್ಫಿನ್ ತಲೆಗೆ ಕಟ್ಟಿ ಸುಮ್ನಿರಬೇಡಿ. ಎಷ್ಟೋ ಸಲ ಜ್ವರ ಬರುವ ಮೊದಲೇ ಸೋಂಕಿನ ಸುಳಿವು ಇಲ್ಲಿ ಸಿಗುತ್ತದೆ. ಜ್ವರದ ಜೊತೆ ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ನೋವಿದ್ದರೆ ಸ್ಕ್ಯಾನ್ ಕೇಳಿ, ಇಂಥವರಲ್ಲಿ ಕಲ್ಲಿಲ್ಲದೆಯೂ ಪಿತ್ತಕೋಶ ಊದಿಕೊಳ್ಳುತ್ತದೆ.