ನೆಲದ ಹಲಗೆ ಎತ್ತಿದ ಮೇಲೆ

ಬರ್ಮಿಂಗ್‌ಹ್ಯಾಮ್ ಹತ್ತಿರ ಒಂದು ಹಳೇ ನ್ಯಾರೋಬೋಟ್ ಕೊಂಡೆ, ಅಂದರೆ ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ, ಒಳಗೆ ವಾಸ ಮಾಡಬಹುದಾದ ಕಿರಿದಾದ ಉದ್ದನೆಯ ದೋಣಿ. 1986ರಲ್ಲಿ ಕಟ್ಟಿದ್ದು. ಉದ್ದ 45 ಅಡಿ, ಅಗಲ 6 ಅಡಿ 10 ಇಂಚು. ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಇಲ್ಲಿನ ಹಳೇ ಲಾಕ್‌ಗಳ ಅಗಲ ಸುಮಾರು 7 ಅಡಿ ಅಲ್ವಾ, ದೋಣಿ ಅದರೊಳಗೆ ತೂರಬೇಕು.

ಅಡುಗೆಮನೆ, ಬಣ್ಣ ಎಲ್ಲ ಆಮೇಲೆ. ಮೊದಲು ನೆಲದ ಹಲಗೆ ಎತ್ತಿದೆ. ಕೆಳಗೆ ಎರಡು ಇಂಚು ಕಂದು ನೀರು. ಕಾಲುವೆಯ ನೀರಲ್ಲ, ಕಿಟಕಿಗಳಿಂದ ಇಳಿದದ್ದು, ಸ್ನಾನದ ಮನೆಯಿಂದ ಸೋರಿದ್ದು. ದೋಣಿ ಅಲುಗಾಡದೆ ನೆಟ್ಟಗೆ ನಿಲ್ಲಲಿ ಅಂತ ತೂಕಕ್ಕೆ ಇಟ್ಟಿದ್ದ ಕಾಂಕ್ರೀಟ್ ಚಪ್ಪಡಿಗಳು ಆ ನೀರು ಹೀರಿಕೊಂಡು ತಳದ ಉಕ್ಕಿಗೆ ಅಂಟಿ ಕೂತಿದ್ದವು. ತುಕ್ಕು ಒಳಗಿನಿಂದಲೂ ತಿನ್ನುತ್ತದೆ ಅನ್ನುವುದು ಅವತ್ತು ಕಣ್ಣಾರೆ ಕಂಡೆ.

ದೋಣಿಯನ್ನು ದಡಕ್ಕೆತ್ತಿಸಿ ಉಕ್ಕಿನ ದಪ್ಪ ಅಳೆಸಿದೆ. ಮೊದಲು 6 ಮಿ.ಮೀ. ಇದ್ದ ತಳ ಕೆಲವು ಕಡೆ 3.7ಕ್ಕೆ ಇಳಿದಿತ್ತು. 4ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಇನ್ಶೂರೆನ್ಸ್‌ನವರು ಒಪ್ಪುವುದಿಲ್ಲ. ಅಲ್ಲೆಲ್ಲ ಹೊಸ ಪ್ಲೇಟ್ ವೆಲ್ಡ್ ಮಾಡಿಸಿದೆ. ಬಜೆಟ್ಟಿನ ದೊಡ್ಡ ಪಾಲು ಹೋಗಿದ್ದು ಅಲ್ಲೇ, ಬೇಜಾರಿಲ್ಲ. ಆಮೇಲೆ ಎರಡು ಕೋಟ್ ಬಿಟುಮೆನ್ (ಡಾಂಬರಿನಂಥ ಕಪ್ಪು ಲೇಪ) ಬಳಿದು, ಮೆಗ್ನೀಸಿಯಮ್ ಆನೋಡ್ ಹಾಕಿಸಿದೆ, ಉಕ್ಕಿನ ಬದಲು ತಾನು ಸವೆಯುವ ಲೋಹದ ತುಂಡು ಅದು. ಸಿಹಿನೀರಿಗೆ ಮೆಗ್ನೀಸಿಯಮ್ಮೇ ಬೇಕು, ಸತುವಿನದು ಕೆಲಸ ಮಾಡುವುದಿಲ್ಲ.

ಗೋಡೆ ಬಿಚ್ಚಿದಾಗ ಇನ್ನೊಂದು ಸಿಕ್ಕಿತು. ಚಳಿ ತಡೆಯಲು ಒಳಗೆ ಥರ್ಮೋಕೋಲ್ ತುಂಬಿದ್ದರು. ಥರ್ಮೋಕೋಲ್‌ಗೆ ತಾಗಿಕೊಂಡಿದ್ದ ವೈರುಗಳು ಬಗ್ಗಿಸಿದರೆ ಬಿರಿಯುತ್ತಿದ್ದವು. ಪಿವಿಸಿ ಹೊದಿಕೆಯನ್ನು ಮೆತ್ತಗಿಡುವ ಅಂಶವನ್ನು ಥರ್ಮೋಕೋಲ್ ಎಳೆದುಕೊಳ್ಳುತ್ತದೆ. ಎಲ್ಲ ಕಿತ್ತು, ಥರ್ಮೋಕೋಲ್ ಬದಲು ಸ್ಪ್ರೇ ಫೋಮ್ ಹೊಡೆಸಿ, ಹೊಸ ವೈರುಗಳನ್ನು ಪೈಪಿನೊಳಗೆ ಎಳೆದೆ. 12 ವೋಲ್ಟಿನಲ್ಲಿ ವೈರು ಉದ್ದವಾದಷ್ಟೂ ವೋಲ್ಟೇಜ್ ಜಾಸ್ತಿ ಬೀಳುತ್ತದೆ. ಫ್ರಿಜ್ ಬ್ಯಾಟರಿಯಿಂದ 10 ಮೀಟರ್ ದೂರ ಇದ್ದರೆ ಲೆಕ್ಕಕ್ಕೆ 20 ಮೀಟರ್ ಹಿಡಿಯಿರಿ, ಹೋಗಿ ಬರುವ ಎರಡೂ ದಾರಿ. ಅದಕ್ಕೆ ತಕ್ಕ ದಪ್ಪ ವೈರು ಹಾಕಿ.

ಮರಗೆಲಸ ನಾಲ್ಕು ತಿಂಗಳು ಹಿಡಿಯಿತು. ಒಲೆ ಕೂರಿಸಿ, ಇಂಗಾಲದ ಮಾನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಾನಿಲ ಸೇರಿಕೊಂಡರೆ ಕೂಗುವ ಅಲಾರಂ ಹಾಕಿದೆ. ಇಷ್ಟು ಚಿಕ್ಕ ಜಾಗದಲ್ಲಿ ಬೆಂಕಿ ಇಟ್ಟುಕೊಂಡು ಅದಿಲ್ಲದೆ ಒಂದು ರಾತ್ರಿಯೂ ಮಲಗಬೇಡಿ.

ಚಪ್ಪಡಿಗಳ ಬದಲು ನೀಲಿ ಎಂಜಿನಿಯರಿಂಗ್ ಇಟ್ಟಿಗೆ, ಅಂದರೆ ಚೆನ್ನಾಗಿ ಸುಟ್ಟ ಗಟ್ಟಿ ಇಟ್ಟಿಗೆ, ತಂದೆ. ಭಾರ ಇವೆ, ನೀರು ಹೀರುವುದು ತೀರಾ ಕಡಿಮೆ. ಕೆಳಗೆ ಗಾಳಿಯಾಡಲಿ ಅಂತ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಜೋಡಿಸಿದೆ. ನೆಲವನ್ನು ಮಾತ್ರ ಸ್ಕ್ರೂ ಹಾಕಿ ಮುಚ್ಚಲಿಲ್ಲ. ಒಲೆ, ಕಪಾಟು ಎಲ್ಲ ಕೂತ ಮೇಲೆ ದೋಣಿ ಯಾವ ಕಡೆ ವಾಲುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ನಮ್ಮದು ಎಡಕ್ಕೆ ವಾಲಿತು. ಚಪಾತಿ ಲಟ್ಟಿಸಿ ಲಟ್ಟಣಿಗೆ ಇಟ್ಟರೆ ಉರುಳಿ ಕೆಳಗೆ ಬೀಳುತ್ತಿತ್ತು. ನೀರಿನ ಟ್ಯಾಂಕ್ ಅರ್ಧ ತುಂಬಿಸಿಕೊಂಡು, ನಾಲ್ಕು ನಾಲ್ಕೇ ಇಟ್ಟಿಗೆ ಬಲಕ್ಕೆ ಸರಿಸುತ್ತಾ ಹೋದೆ. ಮೂವತ್ತಾರನೇ ಇಟ್ಟಿಗೆಗೆ ಲಟ್ಟಣಿಗೆ ಇಟ್ಟಲ್ಲೇ ನಿಂತಿತು.